ದೇವಗಡದ ಪೇಟಿಯಲ್ಲಿ ಧಾರವಾಡದ ಹಣ್ಣು

ಹೋದ ವರ್ಷ ಮೇ ತಿಂಗಳ ಮೊದಲ ವಾರ ನವಿ ಮುಂಬೈಯ ವಾಶಿ ಮಾರ್ಕೆಟ್ಟಿನಿಂದ ಒಂದು ಪೇಟಿ, ಅಂದರೆ ಒಂದು ಪೆಟ್ಟಿಗೆ, ಹಾಪೂಸ್ ಮಾವು ತಂದೆವು. ಪೇಟಿ ಮೇಲೆ ದಪ್ಪ ಅಕ್ಷರದಲ್ಲಿ ಹಾಪೂಸಿಗೆ ಹೆಸರಾದ ಕೊಂಕಣದ ಊರು ದೇವಗಡ ಎಂದಿತ್ತು, ದರವೂ ದೇವಗಡದ್ದೇ. ಮನೆಗೆ ಬಂದು ಹುಲ್ಲು ಸರಿಸಿ ಒಂದೊಂದೇ ಹಣ್ಣು ತೆಗೆದಿಟ್ಟೆ. ತಳಕ್ಕೆ ಹಾಸಿದ್ದ ಪೇಪರು ಕನ್ನಡದ್ದು! ಹುಬ್ಬಳ್ಳಿ ಆವೃತ್ತಿ, ಕಲಘಟಗಿ ಕಡೆಯ ಒಂದು ಜಾತ್ರೆಯ ಸುದ್ದಿ. ಹಣ್ಣನ್ನು ಮೂಗಿನ ಹತ್ತಿರ ಹಿಡಿದೆ. ಸಿಪ್ಪೆ ಚೂರು ದಪ್ಪ, ಹೆಚ್ಚಿದರೆ ಒಳಗೆ ಕೇಸರಿಗಿಂತ ಹಳದಿಯೇ ಮುಂದು. ಧಾರವಾಡದ ಕೆಲಗೇರಿಯ ನಮ್ಮ ತೋಟದಿಂದ ಇಳಿಸಿ ಅಪ್ಪ ನಡುಮನೆಯಲ್ಲಿ ಹಣ್ಣಾಗಲೆಂದು ಅಡಿ ಹಾಕುತ್ತಿದ್ದ ಅದೇ ಆಪೂಸು. ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷವಾದರೂ ಆ ವಾಸನೆ ಮರೆಯುವಂಥದ್ದಲ್ಲ.

ತವರಿನ ಹಣ್ಣು ಸಿಕ್ಕಿತು ಅಂತ ಖುಷಿಪಡಬೇಕಿತ್ತು. ಆದರೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಕೊಟ್ಟ ಹೆಚ್ಚಿನ ದುಡ್ಡು ದೇವಗಡದ ರೈತನಿಗೂ ಮುಟ್ಟಿಲ್ಲ, ನಮ್ಮ ರೈತನಿಗೂ ಮುಟ್ಟಿಲ್ಲ. ನಡುವೆ ಪೇಟಿ ಬದಲಿಸಿದವನ ಜೇಬು ಸೇರಿದೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಭೌಗೋಳಿಕ ಸೂಚಕಗಳ ಕಾಯ್ದೆ, ಜನ ಜಿಐ ಟ್ಯಾಗ್ ಅನ್ನುವುದು, 1999ರಲ್ಲಿ ಬಂತು, 2003ರಲ್ಲಿ ಜಾರಿಯಾಯಿತು. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ಹಾಪೂಸ್‌ಗೆ 2018ರಲ್ಲಿ ಸಿಕ್ಕಿತು: ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್, ಕೊಂಕಣದ ಈ ಐದು ಜಿಲ್ಲೆಗಳಿಗೆ. ಹೆಸರು ಒಬ್ಬ ವ್ಯಾಪಾರಿಯ ಸ್ವತ್ತಲ್ಲ, ಆ ಸೀಮೆಯ ಬೆಳೆಗಾರರೆಲ್ಲರದು. ಸುಳ್ಳು ಹೆಸರಿನಲ್ಲಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕೊಂಕಣದವರ ಹಕ್ಕು ನ್ಯಾಯವಾದದ್ದು ಎಂದೇ ನನ್ನ ಮಾತು. ಕಡಲ ಗಾಳಿ, ಜಂಬಿಟ್ಟಿಗೆ ಮಣ್ಣು ಕೊಡುವ ಆ ಪರಿಮಳ ನಮ್ಮ ಹಣ್ಣಿಗಿಲ್ಲ. ನಮ್ಮದರ ರುಚಿ ನಮ್ಮದು. ಅದಕ್ಕೆ ಎರವಲು ಹೆಸರು ಯಾಕೆ ಬೇಕು?

ಮುಂಬೈಯ ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ವರ್ಷದ ಮಸಾಲೆ ಕುಟ್ಟಿಸಲು ಬಂದ ಮರಾಠಿ ಹೆಂಗಸರು ಮೆಣಸಿನಕಾಯಿ ಮುರಿದು, ಬಣ್ಣ ನೋಡಿ, ಬೀಜ ಉದುರಿಸಿ, "ಬ್ಯಾಡಗಿ ಕಶೀ ದಿಲೀ?" ಎಂದು ದರ ಕೇಳುತ್ತಾರೆ. ಬ್ಯಾಡಗಿ ಹಾವೇರಿ ಜಿಲ್ಲೆಯ ಊರೆಂಬುದು ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ, ಆದರೆ ಆ ಊರಿನ ಹೆಸರಿಲ್ಲದೆ ಅವರ ಮಸಾಲೆಗೆ ಕೆಂಪು ಬರುವುದಿಲ್ಲ. ಮೊದಲ ಸಲ ಅದನ್ನು ಕೇಳಿದಾಗ ಆ ಗದ್ದಲದಲ್ಲಿ, ಘಾಟಿನಲ್ಲಿ, ನನ್ನ ಕಣ್ಣು ತುಂಬಿತ್ತು. ಮೆಣಸಿನಕಾಯಿ ತನ್ನ ಊರಿನ ಹೆಸರು ಹೇಳಿಕೊಂಡೇ ಮುಂಬೈಗೆ ಬಂತು. ಜಿಐ ಆಮೇಲೆ ಬಂದದ್ದು. ನಮ್ಮ ಪೇಡೆಯೂ ಅಷ್ಟೆ, ಧಾರವಾಡ ಅನ್ನದೆ ಅದನ್ನು ಯಾರೂ ಕೇಳುವುದಿಲ್ಲ. ಅಂಕೋಲೆಯ ಕರಿ ಇಶಾಡ ಮಾವಿಗೂ 2023ರಲ್ಲಿ ಜಿಐ ಸಿಕ್ಕಿದೆ, ಸ್ವಂತ ಹೆಸರಿನಲ್ಲೇ.

ಪೇಟಿ ಬಿಚ್ಚಿದ ದಿನ ರಾತ್ರಿಯೇ ಊರಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಮುಂದಿನ ವರ್ಷ ದಲಾಲಗ ಕೊಡಬ್ಯಾಡ. ಪೇಟಿ ಮ್ಯಾಲೆ ಧಾರವಾಡ ಅಂತ ಬರದು ನಮಗ ಕಳಸು."

"ಹಂಗ ಬರದ್ರ ಮುಂಬೈಯಾಗ ಯಾರ ತಗೋತಾರವಾ?"

"ನಾವು ತಗೋತೀವಿ."

ಈ ಸಲ ರಾತ್ರಿ ಬಸ್ಸಿಗೆ ಎಂಟು ಪೇಟಿ ಬಂದವು. ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ 'ಧಾರವಾಡ ಮಾವು, ಕೆಲಗೇರಿ' ಎಂದು ಅಣ್ಣ ತಾನೇ ಬರೆದಿದ್ದ. ಏಳು ನಮ್ಮ ಕನ್ನಡದ ಮನೆಗಳಿಗೇ ಹೋದವು. ಒಂದನ್ನು ಎದುರು ಮನೆಯ ಮರಾಠಿ ಕಾಕೂ, ನೋಡೋಣ ಎಂದು ಒಯ್ದರು. ನಾಲ್ಕನೇ ದಿನ ಸಂಜೆ ಬಾಗಿಲು ಬಡಿದರು.

"ಧಾರವಾಡಚಾ ಆಂಬಾ ಆಣಖೀ ಆಹೇ ಕಾ?" ಧಾರವಾಡದ ಮಾವು ಇನ್ನೂ ಇದೆಯಾ, ಅಂತ.