ನಮ್ಮ ಮಳೆ ಪುಸ್ತಕ

ಪಾಠಪುಸ್ತಕದಲ್ಲಿ ಮಳೆಗೆ ಮಿಲಿಮೀಟರ್. ನಮ್ಮ ಕೊಡಗಿನಲ್ಲಿ ಇಂಚು ಮತ್ತು ಸೆಂಟು. 100 ಸೆಂಟಿಗೆ ಒಂದು ಇಂಚು. ನಾಪೋಕ್ಲು ಪೇಟೆಯಲ್ಲಿ ಎದುರು ಸಿಕ್ಕವರು ಊಟ ಆಯ್ತಾ ಅನ್ನುವ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅಂತ ಕೇಳುತ್ತಾರೆ. ಸುಮ್ನೆ ಅಲ್ಲ. ಮಾರ್ಚ್ ಆಸುಪಾಸಿನಲ್ಲಿ ಹೂಮಳೆ ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ರೋಬಸ್ಟಾ ಕಾಫಿ ತೋಟ ಹೂ ಬಿಟ್ಟು ಬೆಳ್ಳಗಾಗುತ್ತದೆ. 20 ಸೆಂಟಿಗೇ ನಿಂತುಬಿಟ್ಟರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತದೆ. ವರ್ಷದ ಅನ್ನ ಅದರ ಮೇಲೆ.

ಎಂಟನೇ ಕ್ಲಾಸಿನಲ್ಲಿ, ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಟೀಚರನ್ನು ಕೇಳಿದೆ: "ನಮ್ಮ ಶಾಲೆಯಲ್ಲಿ ಎಷ್ಟು ಬಂತು ಟೀಚರ್?"

"ನಂಗೇನು ಗೊತ್ತಪ್ಪ? ಅಳೆದು ಹೇಳು" ಅಂದು ಹಾಜರಿ ಕರೆಯತೊಡಗಿದರು.

ಆರು ಜನ ಸೇರಿ ಒಂದು ಬಾಟಲಿಗೆ ದೊಡ್ಡ ಆಲಿಕೆ ಸಿಕ್ಕಿಸಿ ಅಂಗಳದಲ್ಲಿ ಇಟ್ಟೆವು. ಬೆಳಿಗ್ಗೆ ಸ್ಕೇಲ್ ಹಿಡಿದರೆ 9 ಇಂಚು! ಕುಣಿದಾಡಿಬಿಟ್ಟೆವು. ಶಾಲೆಯ ಪಕ್ಕದ ತೋಟದ ಅಜ್ಜ ನಲವತ್ತು ವರ್ಷದಿಂದ ಮಳೆ ಬರೆದಿಡುತ್ತಿದ್ದವರು. ಅವರ ಪುಸ್ತಕದಲ್ಲಿ 2 ಇಂಚು 20 ಸೆಂಟು. "ನಿಮ್ಮ ಶಾಲೆ ಮೇಲೆ ಮಾತ್ರ ಆಕಾಶ ತೂತಾಯ್ತಾ?" ಅಂತ ನಕ್ಕರು.

ಟೀಚರ್ ಹತ್ತಿರ ಓಡಿದೆವು. "ಅಳೆದವರು ನೀವು, ನನ್ನನ್ನು ಕೇಳಿದ್ರೆ?" ಎರಡು ದಿನ ತಲೆ ಕೆಡಿಸಿಕೊಂಡೆವು. ಆಲಿಕೆಯ ಬಾಯಿ 6 ಇಂಚು, ಬಾಟಲಿ 3 ಇಂಚು ಅಗಲ ಅನ್ನುವುದು ಒಬ್ಬಳ ಕಣ್ಣಿಗೆ ಬಿತ್ತು. ಅಗಲ ಎರಡು ಪಟ್ಟು, ಆದರೆ ಮಳೆ ಹಿಡಿಯುವ ಜಾಗ ನಾಲ್ಕು ಪಟ್ಟು. 9ನ್ನು 4ರಿಂದ ಭಾಗಿಸಿ. 2 ಇಂಚು 25 ಸೆಂಟು! ವೃತ್ತದ ವಿಸ್ತೀರ್ಣ ನನಗೆ ಅರ್ಥವಾಗಿದ್ದು ಆ ದಿನ, ಜಿಗಣೆ ಕಿತ್ತುಕೊಳ್ಳುತ್ತಾ. ಆಮೇಲೆ ಬಾಟಲಿ ಬಿಟ್ಟು, ಮೇಲಿಂದ ಕೆಳಗೆ ಒಂದೇ ಅಗಲದ ಎತ್ತರದ ಡಬ್ಬ ಇಟ್ಟೆವು.

ಕಕ್ಕಡ ತಿಂಗಳ (ಜುಲೈ-ಆಗಸ್ಟಿನ ಜೋರು ಮಳೆಗಾಲ) ಒಂದು ಭಾನುವಾರ ಅಳೆಯಲು ಯಾರೂ ಹೋಗಲಿಲ್ಲ. ಅವನು ಹೋಗ್ತಾನೆ ಅಂತ ಇವನು, ಇವನು ಹೋಗ್ತಾನೆ ಅಂತ ಅವನು. ಸೋಮವಾರ ಡಬ್ಬದಲ್ಲಿ 7 ಇಂಚು. ಎರಡು ದಿನಕ್ಕೂ ಮೂರೂವರೆ ಮೂರೂವರೆ ಅಂತ ಬರೆದುಬಿಟ್ಟೆವು. ಬರೆದ ಕೈ ನನ್ನದೇ.

ಪುಸ್ತಕ ನೋಡಿದ ಅಜ್ಜ ಬೈಯಲಿಲ್ಲ. "ಮಳೆ ಹೀಗೆ ಸಮಪಾಲು ಮಾಡ್ಕೊಂಡು ಬರಲ್ಲ ಮಕ್ಕಳೇ" ಅಂದರು. ಅವರಲ್ಲಿ ಭಾನುವಾರ ಒಂದೂವರೆ ಇಂಚೂ ಇರಲಿಲ್ಲ. ಟೀಚರಿಗೆ ನಾವೇ ಹೇಳಿದೆವು. ಅವರು ಪುಸ್ತಕವನ್ನು ನಮ್ಮ ಮುಂದೆ ತಳ್ಳಿ, "ಈಗೇನು ಮಾಡ್ತೀರಿ?" ಅಂದು ಎದ್ದು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಅಲ್ವಾ?

ಮಧ್ಯಾಹ್ನ ಪೂರ್ತಿ ಜಗಳ. ಅಜ್ಜನ ಲೆಕ್ಕ ನಕಲು ಮಾಡೋಣ ಅಂದರು ಇಬ್ಬರು. ಅದು ಅಜ್ಜನ ಅಂಗಳದ ಮಳೆ, ನಮ್ಮದಲ್ಲ ಅಂದಳು ಆಲಿಕೆ ಅಳೆದವಳು. ಕೊನೆಗೆ ಎರಡೂ ಅಂಕಿ ಹೊಡೆದುಹಾಕಿ, ಭಾನುವಾರದ ಮುಂದೆ "ಅಳೆದಿಲ್ಲ" ಅಂತ, ಸೋಮವಾರ "ಎರಡು ದಿನದ್ದು 7 ಇಂಚು" ಅಂತ ಬರೆದೆವು. ಶಾಲೆಗೆ ಹತ್ತಿರ ಮನೆ ಇದ್ದವರಿಗೆ ಭಾನುವಾರದ ಪಾಳಿ. ಈ ನಿಯಮ ಯಾರೂ ಹೇಳಿಕೊಟ್ಟದ್ದಲ್ಲ. ಹಾಗಾಗಿಯೇ ಏನೋ, ಆಮೇಲೆ ಯಾರೂ ತಪ್ಪಿಸಲಿಲ್ಲ.

ಹೋದ ವರ್ಷ ಶಾಲೆಗೆ ಹೋಗಿದ್ದೆ. ಬೀರುವಿನಲ್ಲಿ ಮಳೆ ಪುಸ್ತಕಗಳ ಸಾಲೇ ಇದೆ, ಬೇರೆ ಬೇರೆ ಮಕ್ಕಳ ಅಕ್ಷರದಲ್ಲಿ. ಗುಡ್ಡಗಳು ಕುಸಿದ 2018ರ ಆಗಸ್ಟ್ ಹುಡುಕಿ ತೆಗೆದೆ. ಶಾಲೆಗೆ ರಜೆ. ಸಾಲಾಗಿ ಅದೇ ಪದ: ಅಳೆದಿಲ್ಲ, ಅಳೆದಿಲ್ಲ, ಅಳೆದಿಲ್ಲ. ರಜೆ ಮುಗಿದ ದಿನದ ಮುಂದೆ ಯಾವುದೋ ಮಗು ಪೆನ್ಸಿಲಿನಲ್ಲಿ ಬರೆದಿತ್ತು: "ಡಬ್ಬ ತುಂಬಿ ಹೊರಗೆ ಹರಿದಿದೆ. ಎಷ್ಟು ಅಂತ ಹೇಳಲು ಆಗುವುದಿಲ್ಲ."