ಮನೆ ಹರಾಜಾಯ್ತು, ಈಗ ಯಾವ ಕೋರ್ಟಿಗೆ?

ಅಮೆರಿಕದಲ್ಲಿ ಆಸ್ತಿ ತೆರಿಗೆ ಕಟ್ಟದೆ ಬಿಟ್ಟರೆ ಮನೆಯೇ ಕೈತಪ್ಪಬಹುದು. ಸಂವಿಧಾನದ ಹಕ್ಕಿನ ಮಾತಲ್ವಾ, ಸೀದಾ ಫೆಡರಲ್ ಕೋರ್ಟಿಗೇ, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟಿಗೇ ಹೋಗೋಣ ಅಂತ ಅನ್ನಿಸುವುದು ಸಹಜ. ಆದರೆ 1937ರ ಟ್ಯಾಕ್ಸ್ ಇಂಜಂಕ್ಷನ್ ಆಕ್ಟ್ ಅನ್ನುವ ಕಾನೂನು ಬಾಗಿಲಲ್ಲೇ ತಡೆಯುತ್ತದೆ. ರಾಜ್ಯದ ಕೋರ್ಟಿನಲ್ಲಿ ಸರಿಯಾದ, ಬೇಗ ಸಿಗುವ ಪರಿಹಾರ ಇದ್ದರೆ, ರಾಜ್ಯದ ತೆರಿಗೆ ವಸೂಲಿಗೆ ಫೆಡರಲ್ ಜಿಲ್ಲಾ ಕೋರ್ಟು ಅಡ್ಡ ಬರುವ ಹಾಗಿಲ್ಲ.

ಹಾಗಂತ ರಾಜ್ಯದ ಕೋರ್ಟಿಗೆ ಹೋದರೆ ಕಥೆ ಮುಗಿಯಿತು ಅಂತಲ್ಲ. ಆರ್ಕನ್ಸಾ ರಾಜ್ಯದ ಒಂದು ಕೇಸು ನೋಡಿ. ಸರ್ಕಾರ ಕಳಿಸಿದ ನೋಟಿಸು ಯಾರೂ ತೆಗೆದುಕೊಳ್ಳದೆ ವಾಪಸ್ ಬಂದಿತ್ತು, ಆದರೂ ಸುಮ್ನೆ ಮನೆ ಮಾರಿಬಿಟ್ಟರು. ಆ ಕೇಸು ರಾಜ್ಯದ ಕೋರ್ಟುಗಳಲ್ಲಿ ಸೋತು, ಅಲ್ಲಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ಗೆದ್ದಿತು. ನೋಟಿಸು ವಾಪಸ್ ಬಂದಿದ್ದು ಗೊತ್ತಾದ ಮೇಲೆ, ಸಾಧ್ಯವಿದ್ದರೆ ಬೇರೆ ದಾರಿಯಲ್ಲಿ ಮಾಲೀಕರಿಗೆ ತಿಳಿಸಬೇಕು ಅಂತ ತೀರ್ಪು ಬಂತು. ಇದನ್ನು ಹೇಳೋಕೂ ಸುಪ್ರೀಂ ಕೋರ್ಟೇ ಬೇಕಾಯ್ತು!

ಇನ್ನು, ನೀವು ಏನು ಕೇಳುತ್ತಿದ್ದೀರಿ ಅನ್ನುವುದೂ ಮುಖ್ಯ. ತೆರಿಗೆ ವಸೂಲಿ ನಿಲ್ಲಿಸಿ ಅನ್ನುವುದು ಬೇರೆ, ಬಾಕಿ ಮುರಿದುಕೊಂಡು ಉಳಿದದ್ದು ಕೊಡಿ ಅನ್ನುವುದು ಬೇರೆ. ಮಿನ್ನೆಸೋಟ ರಾಜ್ಯದ ಹೆನಪಿನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಒಬ್ಬರ ತೆರಿಗೆ ಬಾಕಿ, ದಂಡ ಎಲ್ಲಾ ಸೇರಿ ಸುಮಾರು 15,000 ಡಾಲರ್ ಇತ್ತು. ಮನೆ 40,000ಕ್ಕೆ ಹೋಯಿತು. ಉಳಿದ 25,000ವನ್ನೂ ಕೌಂಟಿ ಇಟ್ಟುಕೊಂಡಿತು! ಫೆಡರಲ್ ಕೋರ್ಟುಗಳ ದಾರಿಯಲ್ಲೇ ಮೇಲೆ ಬಂದ ಆ ಕೇಸಿನಲ್ಲಿ, ಹಾಗೆ ಇಟ್ಟುಕೊಳ್ಳುವುದು ತಪ್ಪು ಅಂತ 2023ರಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಂದೇ ಮಾತಿನಲ್ಲಿ ಹೇಳಿದರು.