ಮೇಷ್ಟ್ರ ವ್ಯಾನಿನಲ್ಲಿ ಬೂನ್ ತನಕ

ಗಿಟಾರ್ ಮೇಷ್ಟ್ರಿಗೆ ಸೊಂಟ ಹಿಡಿದುಕೊಂಡಿತ್ತು. "ಶನಿವಾರ ಬೂನ್‌ನಲ್ಲಿ ಕಾರ್ಯಕ್ರಮ ಇದೆ, ಸಾಮಾನು ಎತ್ತಿಡೋಕೆ ಬರ್ತೀಯಾ?" ಅಂದರು. ಕೇಳಿದ್ದೇ ತಡ, ಒಪ್ಪಿಕೊಂಡೆ. ಅಮೆರಿಕದ ನಾರ್ತ್ ಕೆರೊಲಿನಾದ ಶಾರ್ಲೆಟ್‌ನಲ್ಲಿ ಅವರ ಹತ್ತಿರ ಬ್ಲೂಗ್ರಾಸ್ ಗಿಟಾರ್ ಕಲಿಯುತ್ತಿದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಊರು ಧಾರವಾಡದ ಕಡೆ. ಮೇಷ್ಟ್ರಿಗೆ ಗಿಟಾರೇ ಹೊಟ್ಟೆಪಾಡು. ಅದು ಹೇಗೆ ನಡೆಯುತ್ತೆ ಅಂತ ನೋಡೋ ಆಸೆ ನನಗೆ ಮೊದಲಿಂದಲೂ ಇತ್ತು.

ಬ್ಲೂಗ್ರಾಸ್ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾಂಜೊ, ಫಿಡಲ್ (ನಮ್ಮ ಪಿಟೀಲೇ), ಮ್ಯಾಂಡೊಲಿನ್, ಗಿಟಾರ್, ಆಳೆತ್ತರದ ಬೇಸ್. ಸಾಮಾನ್ಯವಾಗಿ ಡ್ರಮ್ಸ್ ಇರೋದಿಲ್ಲ. ಕೆಂಟಕಿಯ ಬಿಲ್ ಮನ್ರೋ 1940ರ ದಶಕದಲ್ಲಿ ಈ ಶೈಲಿಗೆ ರೂಪ ಕೊಟ್ಟರು. ಅವರ ಬ್ಯಾಂಡಿನ ಹೆಸರು ಬ್ಲೂ ಗ್ರಾಸ್ ಬಾಯ್ಸ್, ಅದೇ ಸಂಗೀತಕ್ಕೂ ಅಂಟಿಕೊಂಡಿತು. ಆಗ ಗಿಟಾರಿನವನಿಗೆ ಜಾಸ್ತಿ ಮರ್ಯಾದೆ ಇರಲಿಲ್ಲ. ತಾಳ ಬಿಡಬೇಡ, ಹಾಡುವವನಿಗೆ ಆಸರೆ ಕೊಡು, ಸಾಲಿನ ಕೊನೆಗೆ ಒಂದು ಜಿ ರನ್ (ಸಾಲು ಮುಗಿಸುವ ಪುಟ್ಟ ಸ್ವರಗುಚ್ಛ) ಹೊಡಿ. ಅಷ್ಟೇ ಕೆಲಸ.

ಹಿಕರಿ ದಾಟಿ ಲೆನೋರ್ ಬಂತು. ಅಲ್ಲಿಂದ ರಸ್ತೆ ಬ್ಲೂ ರಿಡ್ಜ್ ಬೆಟ್ಟ ಹತ್ತುತ್ತೆ. "ಡಾಕ್ ವಾಟ್ಸನ್ ಈ ಊರಿನ ಬೀದಿಯಲ್ಲೂ ನುಡಿಸಿ ಕಾಸು ಕೇಳಿದ್ದಾರೆ" ಅಂದರು ಮೇಷ್ಟ್ರು. ತಾಳಕ್ಕಷ್ಟೇ ಇದ್ದ ಗಿಟಾರಿನಲ್ಲಿ ಟ್ಯೂನನ್ನೇ ನುಡಿಸಿ ಹೆಸರಾದ ವಾದಕ ಅವರು. ಆಮೇಲೆ ಬೂನ್ ತನಕ ಡಾಕ್ ಕಥೆಯೇ.

ಡಾಕ್ ಹುಟ್ಟಿದ್ದು 1923ರಲ್ಲಿ, ಬೂನ್ ಹತ್ತಿರದ ಡೀಪ್ ಗ್ಯಾಪ್ ಕಡೆ. ವರ್ಷ ತುಂಬೋದರೊಳಗೆ ಕಣ್ಣಿನ ಸೋಂಕಿನಿಂದ ದೃಷ್ಟಿ ಹೋಯಿತು. ಕುರುಡ ಅಂತ ಅಪ್ಪ ಮೂಲೆಯಲ್ಲಿ ಕೂರಿಸಲಿಲ್ಲ. ಇಬ್ಬರು ಹಿಡಿದು ಎಳೆಯುವ ದೊಡ್ಡ ಗರಗಸದ ಒಂದು ತುದಿಯನ್ನು ಮಗನ ಕೈಗೆ ಕೊಟ್ಟರು. ಹುಡುಗ ಒಣಗಿದ ಚೆಸ್ಟ್‌ನಟ್ ಮರ ಕಡಿದು, ಚರ್ಮ ಹದ ಮಾಡುವವರಿಗೆ ಮಾರಿ, ಆ ದುಡ್ಡಲ್ಲಿ ಗಿಟಾರ್ ತರಿಸಿಕೊಂಡ. ನನಗೆ ಗದಗದ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಪಂಚಾಕ್ಷರಿ ಗವಾಯಿಗಳು, ಅವರಾದ ಮೇಲೆ ಪುಟ್ಟರಾಜ ಗವಾಯಿಗಳು ಕಲಿಸಿದ್ದೂ ಸಂಗೀತವನ್ನೇ, ಅನ್ನ ದುಡಿಯೋ ವಿದ್ಯೆಯಾಗಿ. ಮೇಷ್ಟ್ರಿಗೆ ಇದನ್ನು ಹೇಳಿದೆ. ಆ ಆಶ್ರಮದಲ್ಲಿ ಯಾವ ವಾದ್ಯ ಕಲಿಸ್ತಾರೆ ಅಂತ ಕೇಳಿದರು. ಹಾರ್ಮೋನಿಯಂ, ತಬಲಾ, ಪಿಟೀಲು ಅಂದೆ. ಪಿಟೀಲು ಅಂದಾಗ ಮುಖ ಅರಳಿತು.

ಯಾಕಂದ್ರೆ ಡಾಕ್ ಕಥೆಯ ಗುಟ್ಟು ಇರೋದೇ ಪಿಟೀಲಿನಲ್ಲಿ. 1950ರ ದಶಕದಲ್ಲಿ ಅವರು ಪಿಯಾನೊ ಶ್ರುತಿ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ರಾತ್ರಿ ಒಂದು ಡಾನ್ಸ್ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್. ಬ್ಯಾಂಡಿನಲ್ಲಿ ಫಿಡಲ್ ಇಲ್ಲ, ಆದರೆ ಸ್ಕ್ವೇರ್ ಡಾನ್ಸಿಗೆ (ಜೋಡಿಗಳು ಚೌಕವಾಗಿ ನಿಂತು ಕುಣಿಯೋದು) ಬಂದವರಿಗೆ ಫಿಡಲ್ ಟ್ಯೂನೇ ಬೇಕು. ಸರಿ, ಅದನ್ನೆಲ್ಲ ಗಿಟಾರಿನ ಮೇಲೆ ಕೂರಿಸಿಕೊಂಡರು. 1960ರಲ್ಲಿ ರಾಲ್ಫ್ ರಿಂಜ್ಲರ್ ಅನ್ನೋ ಜಾನಪದ ಸಂಗ್ರಾಹಕ ಬೇರೆಯವರ ಹಾಡು ರೆಕಾರ್ಡ್ ಮಾಡೋಕೆ ಬಂದು ಇವರನ್ನು ಕಂಡ. ಎಲೆಕ್ಟ್ರಿಕ್ ಬೇಡ, ಅಕೌಸ್ಟಿಕ್ ತಗೊಳ್ಳಿ ಅಂತ ಹಟ ಹಿಡಿದ. ಆಗ ಡಾಕ್‌ಗೆ 37 ವರ್ಷ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಅಲ್ಲಿಂದ ನ್ಯೂಯಾರ್ಕ್, 1963ಕ್ಕೆ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವ. ಮೊದಮೊದಲು ಒಬ್ಬರೇ ಬಸ್ಸಿನಲ್ಲಿ ಓಡಾಡುತ್ತಿದ್ದರಂತೆ. ಕಣ್ಣು ಕಾಣದೆ, ಗಿಟಾರ್ ಪೆಟ್ಟಿಗೆ ಹಿಡಿದು! ಅವರು ಊರೂರು ತಿರುಗುತ್ತಿದ್ದಾಗ ಹೆಂಡತಿ ರೋಸಾ ಲೀ ಮಗ ಮರ್ಲ್‌ಗೆ ಗಿಟಾರಿನ ಮೊದಲ ಪಾಠ ಹೇಳಿಕೊಟ್ಟರು. ಮುಂದೆ ಅದೇ ಮಗ ಅವರ ಡ್ರೈವರ್, ಜೊತೆಗಾರ, ಎಲ್ಲ.

ಬೂನ್‌ನ ಕಿಂಗ್ ಸ್ಟ್ರೀಟ್ ಮೂಲೆಯಲ್ಲಿ ಬೆಂಚಿನ ಮೇಲೆ ಕೂತ ಡಾಕ್ ಪ್ರತಿಮೆ ಇದೆ. 2011ರಲ್ಲಿ, ಅವರು ಬದುಕಿದ್ದಾಗಲೇ ಇಟ್ಟದ್ದು. ದಂತಕಥೆ, ಮಹಾನ್ ಅಂತೆಲ್ಲ ಬರೆಯಬೇಡಿ, 'ಜನರಲ್ಲಿ ಒಬ್ಬ, ಅಷ್ಟೇ' ಅಂತ ಬರೆಯಿರಿ ಅಂದಿದ್ದರಂತೆ. ಹಾಗೇ ಬರೆದಿದ್ದಾರೆ. ಪಕ್ಕದಲ್ಲಿ ಕೂತು ಫೋಟೊ ತೆಗೆಸಿಕೊಂಡೆ. ಮೇಷ್ಟ್ರು ಕೆಳಗಿಳಿಯಲಿಲ್ಲ, ವ್ಯಾನಿನಲ್ಲೇ ಹೊಸ ತಂತಿ ಕಟ್ಟುತ್ತಾ ಕೂತಿದ್ದರು.

ಕಾರ್ಯಕ್ರಮ ಒಂದು ಹುಲ್ಲುಹಾಸಿನ ಮೇಲೆ. ಐದು ಜನಕ್ಕೆ ಒಂದೇ ಮೈಕ್. ನಾನು ಕಣ್ಣು ಕೀಳದೆ ನೋಡಿದ್ದು ಇದನ್ನೇ. ಬ್ಯಾಂಜೊ ಗಟ್ಟಿ ವಾದ್ಯ, ಅದರ ಮುಂದೆ ಗಿಟಾರ್ ಕೇಳೋದೇ ಇಲ್ಲ. ಆದ್ದರಿಂದ ಗಿಟಾರಿನ ಸರದಿ ಬಂದಾಗ ಬ್ಯಾಂಜೊದವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಮ್ಯಾಂಡೊಲಿನ್ ಪಕ್ಕಕ್ಕೆ ತಿರುಗುತ್ತೆ, ಮೇಷ್ಟ್ರು ಗಿಟಾರನ್ನು ಎದೆಮಟ್ಟಕ್ಕೆ ಎತ್ತಿ ಮೈಕಿಗೆ ಒಡ್ಡುತ್ತಾರೆ. ಸೊಂಟ ನೋವಿದ್ದರೂ ಬಗ್ಗಿ, ಮುಗಿದ ತಕ್ಷಣ ಜಾರಿಕೊಳ್ಳುತ್ತಾರೆ. ಯಾರಿಗೂ ಮೊಳಕೈ ತಾಗೋದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರ ಓಡಾಟದ ಹಾಗೆ. ಆ ವೇಗದಲ್ಲೂ ಮೇಷ್ಟ್ರ ಕೈಯಲ್ಲಿನ ತಂತಿ ಮೀಟುವ ಪಿಕ್ ಕೆಳಗೆ-ಮೇಲೆ, ಕೆಳಗೆ-ಮೇಲೆ, ತಾಳದ ಪೆಟ್ಟು ಬಿದ್ದಾಗ ಸರಿಯಾಗಿ ಕೆಳಗೇ. ಪಾಠದಲ್ಲಿ ನನ್ನ ಪ್ರಾಣ ತಿನ್ನೋ ನಿಯಮ ಅದು. ಸುಮ್ನೆ ಕಾಟ ಕೊಡ್ತಾರೆ ಅಂದುಕೊಂಡಿದ್ದೆ.

ಮುಗಿದ ಮೇಲೆ ಅರ್ಧ ಗಂಟೆ ಸಿಡಿ, ಟೀ ಶರ್ಟ್ ಮಾರಾಟ. ಆಮೇಲೆ ಒಂದು ಲಕೋಟೆ ಬಂತು. ಮೊದಲು ಪೆಟ್ರೋಲ್ ಖರ್ಚು ಕಳೆದು, ಉಳಿದದ್ದನ್ನು ಐದು ಪಾಲು ಮಾಡಿದರು. ಪಾಲಿನ ಮೊತ್ತ ಇಲ್ಲಿ ಬರೆಯೋಕೆ ನನಗೇ ಸಂಕೋಚ.

ವಾಪಸ್ ಬರುವಾಗ ಕೇಳಿದೆ: "ನೀವು ಪ್ರೊಫೆಷನಲ್ ಆಗಿದ್ದು ಯಾವಾಗ?" ಮೊದಲ ಆಲ್ಬಂ ಬಂದಾಗ ಅಂತಲೋ, ಸ್ಪರ್ಧೆ ಗೆದ್ದಾಗ ಅಂತಲೋ ಹೇಳ್ತಾರೆ ಅಂದುಕೊಂಡಿದ್ದೆ. "ಹೆಂಡತಿಗೆ ಸ್ಕೂಲಿನಲ್ಲಿ ಕೆಲಸ ಸಿಕ್ಕಿದಾಗ. ಅವಳ ಹೆಲ್ತ್ ಇನ್ಶೂರೆನ್ಸಿನಲ್ಲಿ ನನ್ನ ಹೆಸರೂ ಸೇರಿತು. ಮಾರನೇ ವಾರವೇ ಏಸಿ ರಿಪೇರಿ ಕೆಲಸ ಬಿಟ್ಟೆ" ಅಂದರು. ಅಲ್ಲಿತನಕ ಹಗಲೆಲ್ಲ ಮನೆಗಳ ಅಟ್ಟ ಹತ್ತಿ ಏಸಿ ರಿಪೇರಿ, ರಾತ್ರಿ ಗಿಟಾರ್. ಈಗ ವಾರವೆಲ್ಲ ನನ್ನಂಥವರಿಗೆ ಪಾಠ, ಶನಿವಾರ ಭಾನುವಾರ ವ್ಯಾನ್.

ನನ್ನನ್ನು ಮನೆ ಮುಂದೆ ಇಳಿಸುವಾಗ ಹನ್ನೆರಡು ದಾಟಿತ್ತು. ಮಾರನೇ ದಿನ ಆಶ್‌ವಿಲ್‌ನಲ್ಲಿ ಒಂದು ಮದುವೆಗೆ ನುಡಿಸೋದಿತ್ತು ಅವರಿಗೆ. ಮದುಮಗಳ ಅಮ್ಮ ಬ್ಯಾಂಜೊ ಬೇಡವೇ ಬೇಡ ಅಂದಿದ್ದಾರಂತೆ. ಬ್ಯಾಂಜೊದವನಿಗೆ ಇನ್ನೂ ಹೇಳಿಲ್ಲ ಅಂದರು.